ಭಾನುವಾರದವನೂ ಸೋಮವಾರದವನೂ ಒಬ್ಬನೇ ಆಗುವವರೆಗೆ

ನಮ್ಮ ಸಭೆಗಳಲ್ಲಿ ಒಬ್ಬರನ್ನು ಹೊಗಳಬೇಕಾದರೆ ‘ಅವರು ತುಂಬ ಆತ್ಮಿಕರು’ ಅನ್ನುತ್ತೇವೆ. ಯಾವ ಆಧಾರದ ಮೇಲೆ ಹಾಗನ್ನುತ್ತೇವೆ ಎಂದು ನೋಡಿದರೆ ಪಟ್ಟಿ ಚಿಕ್ಕದು: ಉದ್ದಕ್ಕೆ ಪ್ರಾರ್ಥಿಸುತ್ತಾರೆ, ವಚನಗಳು ಬಾಯಿಪಾಠ, ಉಪವಾಸ ಕೂಟ ತಪ್ಪಿಸುವುದಿಲ್ಲ, ಹಾಡುವಾಗ ಕಣ್ಣು ತುಂಬಿಬರುತ್ತದೆ. ಇದರಲ್ಲಿ ಕೆಟ್ಟದ್ದೇನೂ ಇಲ್ಲ. ಆದರೆ ಬೈಬಲ್ ಅಧ್ಯಯನ, ಕನ್ಫರ್ಮೇಶನ್ ತರಗತಿ, ಕಾಯಿಲೆಯವರ ಮನೆ ಭೇಟಿ, ಸಾವಿನ ಮನೆಯ ಪ್ರಾರ್ಥನೆ ಎಂದು ಲೇ ಪ್ರೀಚರ್ ಆಗಿ ಓಡಾಡಿದ ವರ್ಷಗಳಲ್ಲಿ ನಾನು ಕಂಡ ಮಾಗಿದ ವಿಶ್ವಾಸಿಗಳ ಗುರುತು ಬೇರೆಯೇ ಇತ್ತು. ಅವರು ದೇವರ ಮುಂದೆ ಒಬ್ಬರು, ಜನರ ಮುಂದೆ ಇನ್ನೊಬ್ಬರು ಆಗಿರಲಿಲ್ಲ. ದೇವಾಲಯದಲ್ಲಿ ಕಂಡ ಮನುಷ್ಯನೇ ಅಂಗಡಿಯ ಗಲ್ಲಾದ ಹಿಂದೆಯೂ ಸಿಗುತ್ತಿದ್ದ. ಪೂರ್ಣ ಹೃದಯದ ಭಕ್ತಿ ಎಂದರೆ ಹೀಗೆ ಪಾಲಾಗದೆ ಉಳಿದ ಭಕ್ತಿ ಎಂದು ನಾನು ತಿಳಿದಿದ್ದೇನೆ. ಆ ಕಡೆಗೆ ಬೆಳೆಯಲು ನನಗೂ ನಮ್ಮ ಸಭೆಯವರಿಗೂ ನೆರವಾದ ಪಾಠಗಳು ಇವು.

1. ಜ್ಞಾನವೂ ವರಗಳೂ ಬೆಳವಣಿಗೆಯ ಅಳತೆಯಲ್ಲ

ಕೊರಿಂಥದ ಸಭೆಗೆ ಯಾವ ವರದಲ್ಲೂ ಕೊರತೆಯಿಲ್ಲವೆಂದು ಪೌಲನು ತನ್ನ ಮೊದಲನೆಯ ಪತ್ರಿಕೆಯ ಆರಂಭದಲ್ಲೇ ಒಪ್ಪುತ್ತಾನೆ. ಮಾತು, ತಿಳಿವಳಿಕೆ, ಅನ್ಯಭಾಷೆ, ಪ್ರವಾದನೆ ಎಲ್ಲವೂ ಅವರಲ್ಲಿತ್ತು. ಮೂರನೆಯ ಅಧ್ಯಾಯಕ್ಕೆ ಬಂದರೆ ಅದೇ ಜನರನ್ನು ಹಾಲು ಕುಡಿಯುವ ಕೂಸುಗಳೆಂದು ಕರೆಯುತ್ತಾನೆ. ಕಾರಣ ಹೊಟ್ಟೆಕಿಚ್ಚು, ಜಗಳ, ಪೌಲನ ಕಡೆ–ಅಪೊಲ್ಲೋಸನ ಕಡೆ ಎಂಬ ಪಂಗಡಗಳು. ಇಬ್ರಿಯರಿಗೆ ಬರೆದ ಪತ್ರಿಕೆಯ ಐದನೆಯ ಅಧ್ಯಾಯದಲ್ಲೂ ಗಟ್ಟಿ ಆಹಾರ ಯಾರಿಗೆ ಸಲ್ಲುತ್ತದೆ ನೋಡಿ: ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂದು ಅಭ್ಯಾಸದಿಂದ ಗುರುತಿಸಲು ಕಲಿತವರಿಗೆ.

ಕನ್ಫರ್ಮೇಶನ್ ತರಗತಿಯಲ್ಲಿ ವಿಶ್ವಾಸ ಪ್ರಮಾಣ, ಕರ್ತನ ಪ್ರಾರ್ಥನೆ, ಹತ್ತು ಆಜ್ಞೆಗಳು ಬಾಯಿಗೆ ಬರಲೇಬೇಕು. ಅದರ ಜೊತೆಗೆ ನಾನು ವಾರಕ್ಕೊಂದು ಪ್ರಶ್ನೆ ಕೇಳುತ್ತೇನೆ: ‘ಈ ವಾರ ನಿಜ ಹೇಳಲು ಎಲ್ಲಿ ಕಷ್ಟವಾಯಿತು?’ ಮೊದಮೊದಲು ಎಲ್ಲರೂ ನೆಲ ನೋಡುತ್ತಾರೆ. ಒಮ್ಮೆ ಒಬ್ಬ ಹುಡುಗ, ‘ಅಂಕಲ್, ಮಾರ್ಕ್ಸ್ ಕಾರ್ಡಿಗೆ ಅಪ್ಪನ ಸೈನು ನಾನೇ ಹಾಕಿದ್ದೆ. ನಿನ್ನೆ ರಾತ್ರಿ ಹೇಳಿಬಿಟ್ಟೆ, ಚೆನ್ನಾಗಿ ಬೈಸಿಕೊಂಡೆ’ ಅಂದ. ಎಂಟನೆಯ ಆಜ್ಞೆ ಯಾವುದು, ಒಂಬತ್ತನೆಯದು ಯಾವುದು ಎಂದು ಅವನಿಗೆ ಆಗಾಗ ಅದಲು ಬದಲಾಗುತ್ತಿತ್ತು. ಆದರೆ ಆಜ್ಞೆ ಅವನೊಳಗೆ ಕೆಲಸ ಶುರುಮಾಡಿತ್ತು.

2. ಓದು ಕಡಿಮೆಯಾದರೂ ಓದಿದ್ದು ಕೈಗೆ ಇಳಿಯಲಿ

ವರ್ಷಕ್ಕೊಮ್ಮೆ ಇಡೀ ಬೈಬಲ್ ಓದುವ ಯೋಜನೆಗಳು ಹಳೆಯವು. ಸ್ಕಾಟ್ಲೆಂಡಿನ ಸಭಾಪಾಲಕ ರಾಬರ್ಟ್ ಮರ್ರೆ ಮಕ್‌ಚೇನ್ 1842ರಲ್ಲಿ ತನ್ನ ಸಭೆಗೆಂದು ಮಾಡಿಕೊಟ್ಟ ಪಟ್ಟಿ ಇಂದಿಗೂ ಬಳಕೆಯಲ್ಲಿದೆ. ಅದರಂತೆ ಓದಿದರೆ ಒಂದು ವರ್ಷದಲ್ಲಿ ಹಳೆಯ ಒಡಂಬಡಿಕೆ ಒಂದು ಸಲ, ಹೊಸ ಒಡಂಬಡಿಕೆಯೂ ಕೀರ್ತನೆಗಳೂ ಎರಡು ಸಲ ಮುಗಿಯುತ್ತವೆ. ಶಕ್ತಿಯಿದ್ದವರು ಮಾಡಲಿ. ನಮ್ಮಲ್ಲಿ ಜನವರಿಯಲ್ಲಿ ಹೊರಟ ಬಹುಪಾಲು ಜನ ಯಾಜಕಕಾಂಡ ದಾಟುವುದಿಲ್ಲ. ಆಮೇಲೆ ಓದೇ ನಿಂತುಹೋಗುತ್ತದೆ, ಬೇಸರವೊಂದೇ ಉಳಿಯುತ್ತದೆ.

ಬುಧವಾರದ ಅಧ್ಯಯನದಲ್ಲಿ ನಾವು ಮಾಡುವುದು ಇಷ್ಟು. ಒಂದು ಸುವಾರ್ತೆ ಹಿಡಿಯುತ್ತೇವೆ, ಹೆಚ್ಚಾಗಿ ಮಾರ್ಕನದು, ಹದಿನಾರೇ ಅಧ್ಯಾಯ. ಒಂದು ಸಣ್ಣ ಭಾಗವನ್ನು ಎರಡು ಸಲ ಗಟ್ಟಿಯಾಗಿ ಓದುತ್ತೇವೆ. ಅಕ್ಷರ ಬಾರದ ಅಜ್ಜಿಯರಿಗೂ ಆಗ ಸಮಪಾಲು ಸಿಗುತ್ತದೆ. ಕೇಳಿಕೊಳ್ಳುವ ಪ್ರಶ್ನೆ ಮೂರು: ಇಲ್ಲಿ ಯೇಸುಸ್ವಾಮಿ ಏನು ಮಾಡಿದರು? ಅದರಿಂದ ಯಾರಿಗೆ ಕಸಿವಿಸಿಯಾಯಿತು? ಮುಂದಿನ ಬುಧವಾರದೊಳಗೆ ನಾನು ಏನು ಮಾಡಬೇಕು? ಮೂರನೆಯ ಪ್ರಶ್ನೆ ಬಿಟ್ಟರೆ ಮೊದಲೆರಡು ಬರೀ ಚರ್ಚೆಯಾಗಿ ಉಳಿಯುತ್ತವೆ.

ಲೂಕನ ಹತ್ತೊಂಬತ್ತನೆಯ ಅಧ್ಯಾಯ, ಜಕ್ಕಾಯನ ಕಥೆ ಓದಿದ ವಾರ ನಮ್ಮೊಬ್ಬ ದಿನಸಿ ಅಂಗಡಿಯವರು ಉದ್ರಿ ಪುಸ್ತಕ ತೆಗೆದು ಕೂತರು. ಓದು ಬಾರದ ಗಿರಾಕಿಗಳ ಲೆಕ್ಕದಲ್ಲಿ ರೂಪಾಯಿ ಎರಡು ರೂಪಾಯಿ ಮೇಲಕ್ಕೆ ಹತ್ತಿಸಿ ಬರೆದದ್ದನ್ನೆಲ್ಲ ಹುಡುಕಿ, ಅವರವರ ಬಾಕಿಯಲ್ಲಿ ಕಳೆದರು. ಜಕ್ಕಾಯನ ಹಾಗೆ ನಾಲ್ಕರಷ್ಟು ಕೊಡಲಾಗಲಿಲ್ಲ ಎಂದು ಅವರು ನಕ್ಕರು. ಆ ವಾರದ ಅಧ್ಯಯನ ಅಲ್ಲಿಗೆ ಪೂರ್ಣವಾಯಿತು.

3. ಹೊತ್ತು ಗೊತ್ತುಮಾಡದ ಪ್ರಾರ್ಥನೆ ಬಹಳ ದಿನ ನಡೆಯುವುದಿಲ್ಲ

ದಾನಿಯೇಲನು ಯೆರೂಸಲೇಮಿನ ಕಡೆಗಿದ್ದ ಕಿಟಕಿಯ ಬಳಿ ದಿನಕ್ಕೆ ಮೂರು ಸಲ ಮೊಣಕಾಲೂರುತ್ತಿದ್ದ. ರಾಜಾಜ್ಞೆ ಹೊರಟ ದಿನವೂ ಅದೇ ಕಿಟಕಿ, ಅದೇ ಹೊತ್ತು. ಸಿಂಹದ ಗವಿಯ ಭಯ ಎದುರಾದಾಗ ಅವನು ಹೊಸದಾಗಿ ಭಕ್ತಿ ಹುಟ್ಟಿಸಿಕೊಳ್ಳಬೇಕಾಗಿ ಬರಲಿಲ್ಲ. ರೂಢಿ ಅವನನ್ನು ಹಿಡಿದು ನಿಲ್ಲಿಸಿತು.

ಆದರೆ ಎಲ್ಲರಿಗೂ ಬೆಳಗಿನ ನಾಲ್ಕು ಗಂಟೆಯನ್ನೇ ಕಟ್ಟಬೇಡಿ. ಎದೆಹಾಲು ಕುಡಿಯುವ ಮಗುವಿರುವ ತಾಯಿಗೆ, ಗಾರ್ಮೆಂಟ್ಸಿಗೆ ಹೋಗಲು ಏಳಕ್ಕೆಲ್ಲ ಬಸ್ ಹಿಡಿಯುವ ಹುಡುಗಿಗೆ ಅದು ತಪ್ಪಿತಸ್ಥ ಭಾವವನ್ನಷ್ಟೇ ಕೊಡುತ್ತದೆ. ಮಕ್ಕಳ ಸ್ಕೂಲ್ ವ್ಯಾನ್ ಹೋದ ಮೇಲಿನ ಹತ್ತು ನಿಮಿಷ ಸಾಕು, ದಿನವೂ ಅದೇ ಹತ್ತು ನಿಮಿಷವಾದರೆ. ಕೈಯಲ್ಲಿ ಒಂದು ಚಿಕ್ಕ ನೋಟ್‌ಬುಕ್ ಇರಲಿ. ವಾರದ ಒಂದೊಂದು ದಿನಕ್ಕೆ ಕೆಲವು ಹೆಸರು ಬರೆದಿಟ್ಟುಕೊಂಡರೆ ಪ್ರಾರ್ಥನೆ ನಮ್ಮ ಅಗತ್ಯಗಳನ್ನಷ್ಟೇ ಸುತ್ತುವುದು ತಪ್ಪುತ್ತದೆ.

ಉಳಿದ ಹೊತ್ತಿನ ಬಗ್ಗೆ ಬ್ರದರ್ ಲಾರೆನ್ಸ್ ಅವರಿಂದ ಕಲಿಯಬೇಕು. ಹದಿನೇಳನೆಯ ಶತಮಾನದಲ್ಲಿ ಪ್ಯಾರಿಸ್ಸಿನ ಕಾರ್ಮೆಲ್ ಮಠದಲ್ಲಿದ್ದ ಸನ್ಯಾಸಿ, ಹಿಂದೆ ಸಿಪಾಯಿಯಾಗಿ ಗಾಯಗೊಂಡಿದ್ದವರು. ಮಠದಲ್ಲಿ ಸಿಕ್ಕಿದ್ದು ಅಡುಗೆಮನೆ. ಆ ಕೆಲಸ ಅವರಿಗೆ ಸ್ವಭಾವತಃ ಹಿಡಿಸುತ್ತಿರಲಿಲ್ಲ. ಆದರೂ ವರ್ಷಗಟ್ಟಲೆ ಅಲ್ಲೇ ದೇವರ ಸನ್ನಿಧಿಯನ್ನು ಅಭ್ಯಾಸ ಮಾಡಿದರು. 1691ರಲ್ಲಿ ಅವರು ತೀರಿಕೊಂಡ ಮೇಲೆ ಅವರ ಪತ್ರಗಳೂ ಸಂಭಾಷಣೆಗಳೂ ಪುಸ್ತಕವಾಗಿ ಬಂದು ಲೋಕವೆಲ್ಲ ಓದಿತು. ಗೊತ್ತಾದ ಪ್ರಾರ್ಥನೆಯ ಹೊತ್ತನ್ನು ಅವರು ಬಿಟ್ಟಿರಲಿಲ್ಲ ಎಂಬುದನ್ನು ಮಾತ್ರ ಮರೆಯಬಾರದು. ಗೊತ್ತಾದ ಹೊತ್ತು ಇದ್ದವರಿಗೇ ಉಳಿದ ಹೊತ್ತೂ ಪ್ರಾರ್ಥನೆಯಾಗುವುದು.

4. ಒಣಗಿದ ಕಾಲ ಬಂದರೆ ವಿಶ್ವಾಸ ಹೋಯಿತೆಂದು ತಿಳಿಯಬೇಡಿ

ಉಜ್ಜೀವನ ಕೂಟದ ಮೂರು ದಿನಗಳಲ್ಲಿ ಬರುವ ಉತ್ಸಾಹ ನಿಜವಾದದ್ದೇ. ಅದನ್ನೇ ಪಕ್ವತೆ ಎಂದುಕೊಂಡರೆ ಮಾತ್ರ ಕಾರ್ಬೈಡ್ ಹಾಕಿದ ಮಾವಿನಹಣ್ಣಿನ ಗತಿ: ಮೇಲೆ ಬಣ್ಣ, ಒಳಗೆ ಹುಳಿ. ಕೂಟ ಮುಗಿದು ಕೆಲವು ತಿಂಗಳಿಗೆ ಯಾರಾದರೂ ಬಂದು, ‘ಅಣ್ಣಾ, ಪ್ರಾರ್ಥನೆಗೆ ಕೂತರೆ ಏನೂ ಅನಿಸೋದೇ ಇಲ್ಲ, ದೇವರು ನನ್ನ ಕೈಬಿಟ್ಟರಾ?’ ಎಂದು ಕೇಳುವುದು ಉಂಟು.

ಅವರಿಗೆ ನಾನು ಎರಡು ಕಡೆ ಬೈಬಲ್ ತೆರೆದು ತೋರಿಸುತ್ತೇನೆ. ಒಂದು 88ನೆಯ ಕೀರ್ತನೆ. ದುಃಖದ ಕೀರ್ತನೆಗಳು ಬಹಳಷ್ಟಿವೆ, ಹೆಚ್ಚಿನವು ಕೊನೆಗೆ ಸ್ತೋತ್ರದ ಕಡೆ ತಿರುಗುತ್ತವೆ. ಇದು ತಿರುಗುವುದಿಲ್ಲ, ಕತ್ತಲಲ್ಲೇ ಮುಗಿಯುತ್ತದೆ. ಆದರೂ ಅದನ್ನು ಪ್ರಾರ್ಥನೆಯೆಂದು ಪುಸ್ತಕದೊಳಗೆ ಇಟ್ಟಿದ್ದಾರೆ. ಏನೂ ಅನಿಸದ ಮನಸ್ಸಿಗೂ ಬೈಬಲಿನಲ್ಲಿ ಒಂದು ಪುಟವಿದೆ ಎಂದಾಯಿತು.

ಇನ್ನೊಂದು, ಮೊದಲನೆಯ ಅರಸುಗಳ ಪುಸ್ತಕದ ಹತ್ತೊಂಬತ್ತನೆಯ ಅಧ್ಯಾಯ. ಸಾಯಬೇಕೆಂದು ಬೇಡಿಕೊಂಡು ಅಡವಿಯಲ್ಲಿ ಗಿಡದ ಕೆಳಗೆ ಮಲಗಿದ ಎಲೀಯನಿಗೆ ದೂತನು ಪ್ರಸಂಗ ಮಾಡಲಿಲ್ಲ. ಕೆಂಡದ ಮೇಲೆ ಬೆಂದ ರೊಟ್ಟಿ, ನೀರು, ನಿದ್ದೆ, ಮತ್ತೆ ರೊಟ್ಟಿ. ಹೋರೇಬಿನ ಮಾತುಕತೆ ಆಮೇಲಿನದು. ಆದ್ದರಿಂದ ನಾನು ಕೇಳುವ ಮೊದಲ ಪ್ರಶ್ನೆಗಳು ನಿದ್ದೆ ಬರುತ್ತಿದೆಯೇ, ಊಟ ಸೇರುತ್ತಿದೆಯೇ ಎಂಬವು. ವಾರಗಟ್ಟಲೆ ನಿದ್ದೆಯಿಲ್ಲ, ಯಾವುದರಲ್ಲೂ ಆಸೆಯಿಲ್ಲ ಎಂದರೆ ಡಾಕ್ಟರ ಬಳಿಗೆ ಕರೆದುಕೊಂಡು ಹೋಗುತ್ತೇನೆ. ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುವುದು ಅವಿಶ್ವಾಸವಲ್ಲ. ಹಾಗೆ ಹೇಳುವವರು ಸಕ್ಕರೆ ಕಾಯಿಲೆಯ ಮಾತ್ರೆ ತಪ್ಪಿಸುವುದಿಲ್ಲ.

ಒಣಕಾಲದಲ್ಲಿ ಆರಾಧನೆ ಬಿಡಬೇಡಿ. ನಿಮಗೆ ಬಾಯಿ ಬಾರದಿದ್ದರೆ ಸುತ್ತಲಿನವರು ಹಾಡುತ್ತಾರೆ, ನೀವು ಸುಮ್ಮನೆ ನಿಂತಿರಿ. ಅಂಥ ವರ್ಷಗಳನ್ನು ದಾಟಿ ಬಂದವರೇ ಮುಂದೆ ಬೇರೆಯವರ ಕಣ್ಣೀರಿನ ಬಳಿ ಅವಸರಪಡದೆ ಕೂರಬಲ್ಲರು.

5. ಸಾಕ್ಷಿಯನ್ನು ಮನೆಯವರಿಂದ ಕೇಳಿ

ಗಲಾತ್ಯದವರಿಗೆ ಬರೆದ ಪತ್ರಿಕೆಯಲ್ಲಿ ಆತ್ಮನ ಫಲದ ಒಂಬತ್ತು ಗುಣಗಳಿವೆ. ಗಮನಿಸಿ ನೋಡಿದರೆ ಅವುಗಳಲ್ಲಿ ಹೆಚ್ಚಿನವು ಒಬ್ಬರೇ ಕೂತು ತೋರಿಸುವಂಥವಲ್ಲ. ದೀರ್ಘಶಾಂತಿ ಪರೀಕ್ಷೆಯಾಗಬೇಕಾದರೆ ಕೆಣಕುವವರು ಒಬ್ಬರು ಬೇಕು. ಸಾಧುತ್ವಕ್ಕೆ ನಮಗಿಂತ ಬಲ ಕಡಿಮೆಯಿರುವವರು ಎದುರಿಗೆ ಬೇಕು. ಇವೆಲ್ಲ ಸಿಗುವ ಜಾಗ ಮನೆ.

ಸಾಕ್ಷಿ ಹೇಳುವ ಕೂಟಕ್ಕೆ ಮುಂಚೆ ಮನೆಯಲ್ಲಿ ಒಂದು ಪ್ರಶ್ನೆ ಕೇಳಿಕೊಂಡು ಬನ್ನಿ ಎಂದು ನಮ್ಮವರಿಗೆ ಹೇಳುವುದುಂಟು: ಈ ವರ್ಷ ನಾನು ಸ್ವಲ್ಪವಾದರೂ ಬದಲಾಗಿದ್ದೇನೆಯೇ? ಒಬ್ಬ ಹಿರಿಯರು ಮಗಳನ್ನು ಕೇಳಿದ್ದರಂತೆ. ‘ಅಪ್ಪಾಜಿ, ಮುಂಚೆ ನಿಮ್ಮ ಸ್ಕೂಟರ್ ಸದ್ದು ಕೇಳಿದರೆ ನಾವು ಟಿವಿ ಆರಿಸಿ ರೂಮಿಗೆ ಓಡ್ತಿದ್ವಿ. ಈಗ ಓಡಲ್ಲ’ ಅಂದಳಂತೆ. ಅವರು ಅದನ್ನೇ ಸಾಕ್ಷಿಯಾಗಿ ಹೇಳಿ ಕೂತರು. ಅಂದು ಅದಕ್ಕಿಂತ ದೊಡ್ಡ ಸಾಕ್ಷಿ ಯಾರೂ ಹೇಳಲಿಲ್ಲ. ಮನೆಗೆಲಸದವರನ್ನು, ಸೊಸೆಯನ್ನು, ವಯಸ್ಸಾದ ಅತ್ತೆಯನ್ನು ಕೇಳಿದರೆ ಉತ್ತರ ಇನ್ನೂ ಖಚಿತವಾಗಿರುತ್ತದೆ.

6. ಮುನಿಸಿಟ್ಟುಕೊಂಡು ಕರ್ತನ ಭೋಜನಕ್ಕೆ ಹೋಗಬೇಡಿ

ದಕ್ಷಿಣ ಭಾರತ ಸಭೆ 1947ರಲ್ಲಿ ಒಂದಾದ ಮೇಲೆ 1950ರಲ್ಲಿ ಬಂದ ಆರಾಧನಾ ಕ್ರಮದಲ್ಲಿ ಒಂದು ಸುಂದರ ವಿಧಿಯಿದೆ. ಕರ್ತನ ಭೋಜನಕ್ಕೆ ಮುಂಚೆ ಸಮಾಧಾನವನ್ನು ಕೈಯಿಂದ ಕೈಗೆ ದಾಟಿಸುತ್ತಾರೆ. ಒಬ್ಬರ ಅಂಗೈಗಳ ನಡುವೆ ಇನ್ನೊಬ್ಬರ ಕೈ. ಪೀಠದಿಂದ ಹೊರಟು ಸಾಲು ಸಾಲಾಗಿ ಹಿಂದಿನ ಬೆಂಚಿನವರೆಗೂ ಬರಬೇಕು.

ಈ ವಿಧಿ ತಪ್ಪಿಸಿಕೊಳ್ಳುವ ಕಲೆಯೂ ನಮಗೆ ಸಿದ್ಧಿಸಿದೆ. ಪಾಸ್ಟರೇಟ್ ಕಮಿಟಿಯ ಎಲೆಕ್ಷನ್ ಆದ ಮರುವಾರ ಯಾರು ಯಾವ ಬೆಂಚಿನಲ್ಲಿ ಕೂರುತ್ತಾರೆ ನೋಡಿ. ವರ್ಷಗಟ್ಟಲೆ ಎಡಗಡೆ ಕೂತವರು ಬಲಗಡೆಗೆ ಹೋಗಿರುತ್ತಾರೆ. ಸಮಾಧಾನ ಬರುವ ಹೊತ್ತಿಗೆ ಸರಿಯಾಗಿ ಬ್ಯಾಗಿನಲ್ಲಿ ಕನ್ನಡಕ ಹುಡುಕುವವರೂ ಇದ್ದಾರೆ. ಮತ್ತಾಯನ ಐದನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ಹೇಳಿದ ಕ್ರಮ ನೇರವಾಗಿದೆ: ಕಾಣಿಕೆ ಅಲ್ಲೇ ಇರಲಿ, ಮೊದಲು ಹೋಗಿ ರಾಜಿಯಾಗು, ಆಮೇಲೆ ಬಾ.

ರಾಜಿ ಮಾಡಿಸಲು ಹೋದ ಕಡೆಯೆಲ್ಲ ನೆರವಾದ ಕೆಲವು ನಿಯಮಗಳಿವೆ. ಭಾನುವಾರದ ಆರಾಧನೆ ಮುಗಿದ ಗದ್ದಲದಲ್ಲಿ ಮಾತಾಡಬಾರದು. ವಾರದ ನಡುವೆ ಅವರ ಮನೆಗೇ ಹೋಗಬೇಕು. ಫೋನಿನಲ್ಲಾಗಲಿ ವಾಟ್ಸಾಪಿನಲ್ಲಾಗಲಿ ಕ್ಷಮೆ ಕೇಳಬಾರದು. ‘ನಿಮಗೆ ಬೇಜಾರಾಗಿದ್ದರೆ ಕ್ಷಮಿಸಿ’ ಎಂಬ ಮಾತನ್ನು ಬಾಯಿಗೇ ತರಬಾರದು. ತಾನು ಏನು ಮಾಡಿದೆನೆಂದು ಹೆಸರಿಟ್ಟು ಹೇಳಬೇಕು. ಎದುರಿನವರು ಒಪ್ಪದಿದ್ದರೆ ವಾದ ಬೇಡ, ಕಾಫಿ ಕುಡಿದು ಬನ್ನಿ. ಬಾಗಿಲು ತಟ್ಟಿದ್ದಂತೂ ಆಯಿತು. ಹೊಡೆತ, ವಂಚನೆ, ಹೆಣ್ಣುಮಕ್ಕಳ ಮೇಲಿನ ದೌರ್ಜನ್ಯದ ವಿಷಯದಲ್ಲಿ ಮಾತ್ರ ಅವಸರದ ರಾಜಿ ಪಾಪವೇ. ಅಲ್ಲಿ ಮೊದಲು ನ್ಯಾಯ, ರಕ್ಷಣೆ.

7. ಹಣದ ವಿಷಯ, ಸಂಬಂಧದ ವಿಷಯ ಬಂದಾಗ ಹೃದಯ ತಾನಾಗಿ ಹೊರಬೀಳುತ್ತದೆ

ಸುಗ್ಗಿ ಹಬ್ಬದ ಹರಾಜಿನಲ್ಲಿ ಒಂದು ಕುಂಬಳಕಾಯಿ ಮಾರುಕಟ್ಟೆಯ ಬೆಲೆಯ ಹತ್ತಾರು ಪಟ್ಟಿಗೆ ಹೋಗುತ್ತದೆ. ನಗು, ಚಪ್ಪಾಳೆ, ಸಭೆಗೆ ಒಳ್ಳೆಯ ಆದಾಯ. ನನಗೂ ಆ ಹಬ್ಬ ಇಷ್ಟ. ಆದರೆ ಕೊಡುವುದನ್ನು ಕಲಿಯುವ ಜಾಗ ಅದಲ್ಲ. ಹೆಸರು ಕೂಗದ ಕಡೆ ನಾನೆಷ್ಟು ಕೊಡುತ್ತೇನೆ, ಕೆಲಸದಾಕೆಗೆ ಸಂಬಳ ತಡಮಾಡದೆ ಕೊಡುತ್ತೇನೆಯೇ, ಬಾಡಿಗೆಯವರ ಅಡ್ವಾನ್ಸ್ ವಾಪಸು ಕೊಡುವಾಗ ಸುಣ್ಣಬಣ್ಣದ ನೆಪದಲ್ಲಿ ಎಷ್ಟು ಮುರಿದುಕೊಳ್ಳುತ್ತೇನೆ ಎಂಬಲ್ಲಿ ನಿಜ ಸಂಗತಿ ಇರುತ್ತದೆ. ಕೂಲಿ ತಡೆಹಿಡಿದವರ ಬಗ್ಗೆ ಯಾಕೋಬನ ಐದನೆಯ ಅಧ್ಯಾಯವನ್ನು ನಮ್ಮ ಪೀಠಗಳಿಂದ ಓದುವುದೇ ಅಪರೂಪ.

ಅದಕ್ಕಿಂತ ಕಷ್ಟದ ಪರೀಕ್ಷೆ ಮಕ್ಕಳ ಮದುವೆ. ದೇವರ ಚಿತ್ತವಾಗಲಿ ಎಂದು ಪ್ರಾರ್ಥಿಸಿ ಎದ್ದವರೇ ಹಳೆಯ ಜಾತಿ ಯಾವುದೆಂದು ಮೆಲ್ಲಗೆ ವಿಚಾರಿಸುತ್ತಾರೆ. ‘ನಾವೇನೂ ಕೇಳಲ್ಲ, ನಿಮ್ಮ ಹುಡುಗಿಗೆ ನೀವು ಕೊಡೋದು’ ಎಂಬ ಮಾತು ಕ್ರೈಸ್ತರ ಮನೆಯಲ್ಲೂ ಕೇಳುತ್ತದೆ. ಅಂತಿಯೋಕ್ಯದಲ್ಲಿ ಪೇತ್ರನು ಅನ್ಯಜನರ ಜೊತೆ ಊಟ ಮಾಡುತ್ತಿದ್ದವನು, ಯಾಕೋಬನ ಕಡೆಯವರು ಬಂದ ಕೂಡಲೇ ಪಂಕ್ತಿ ಬಿಟ್ಟು ಎದ್ದ. ಪೌಲನು ಎಲ್ಲರ ಮುಂದೆ ಅವನನ್ನು ಎದುರಿಸಿದ. ಪೇತ್ರನ ಬೋಧನೆ ತಪ್ಪಿರಲಿಲ್ಲ, ಕೂತ ಜಾಗ ತಪ್ಪಿತ್ತು. ಪಂಕ್ತಿಭೇದದ ನಾಡಿನಲ್ಲಿ ಬದುಕುವ ನಮಗೆ ಗಲಾತ್ಯದ ಎರಡನೆಯ ಅಧ್ಯಾಯಕ್ಕೆ ಟಿಪ್ಪಣಿ ಬೇಕಿಲ್ಲ. ಕೊಂಬೆ ಕೊಂಬೆ ಸವರಿದರೂ ಈ ಬೇರು ಹಾಗೇ ಇದ್ದರೆ ಭಕ್ತಿ ಅರ್ಧ ಹೃದಯದ್ದೇ.

8. ನೇರವಾಗಿ ಕೇಳುವ ಇಬ್ಬರು ಮೂವರನ್ನು ಗಳಿಸಿಕೊಳ್ಳಿ

ಮೆಥೊಡಿಸ್ಟ್ ಚಳವಳಿಯ ಮುಂದಾಳು ಜಾನ್ ವೆಸ್ಲಿಯ ಕ್ಲಾಸ್ ಮೀಟಿಂಗ್ ಎಂಬ ಸಣ್ಣ ಗುಂಪಿನ ಕೂಟ ಹುಟ್ಟಿದ್ದು ಸಾಲ ತೀರಿಸುವ ದಾರಿಯಾಗಿ. 1742ರಲ್ಲಿ ಬ್ರಿಸ್ಟಲ್ಲಿನ ಸಭಾಮಂದಿರದ ಸಾಲಕ್ಕೆ ಪ್ರತಿಯೊಬ್ಬರೂ ವಾರಕ್ಕೊಂದು ಪೆನ್ನಿ ಕೊಡುವುದೆಂದಾಯಿತು. ಸುಮಾರು ಹನ್ನೆರಡು ಜನಕ್ಕೊಬ್ಬ ನಾಯಕ ಮನೆಮನೆಗೆ ಹೋಗಿ ಕಾಸು ಎತ್ತಬೇಕಿತ್ತು. ಹೋದವರಿಗೆ ಜನ ಹೇಗೆ ಬದುಕುತ್ತಿದ್ದಾರೆ ಎಂಬುದೂ ಕಣ್ಣಿಗೆ ಬಿತ್ತು: ಕುಡಿತ, ಜಗಳ, ಹಸಿವು. ಕಾಸೆತ್ತುವ ಏರ್ಪಾಡೇ ಆತ್ಮದ ಕ್ಷೇಮ ವಿಚಾರಿಸುವ ಕೂಟವಾಯಿತು. ಬೆಂಗಳೂರು, ಮೈಸೂರು, ತುಮಕೂರು, ಗುಬ್ಬಿಗಳಲ್ಲಿ ಕೆಲಸ ಮಾಡಿದ ವೆಸ್ಲಿಯನ್ ಮಿಷನ್ನಿನವರು ಇದೇ ಪರಂಪರೆಯವರು.

ದೊಡ್ಡ ಸಭೆಯಲ್ಲಿ ಅಡಗಿಕೊಳ್ಳುವುದು ಸುಲಭ. ಮೂವರ ನಡುವೆ ಆಗುವುದಿಲ್ಲ. ಆದರೆ ಎರಡು ಎಚ್ಚರ ಬೇಕು. ಅಲ್ಲಿ ಹೇಳಿದ್ದು ಅಲ್ಲೇ ಉಳಿಯಬೇಕು. ‘ಪ್ರಾರ್ಥನಾ ವಿಷಯ’ ಎಂಬ ಹೆಸರಿನಲ್ಲಿ ಬೀದಿಗೆ ಬಂದ ಮನೆಗುಟ್ಟುಗಳಿಗೆ ಲೆಕ್ಕವಿಲ್ಲ. ಇನ್ನೊಂದು, ತಿದ್ದುವವರನ್ನೂ ತಿದ್ದಲು ಅವಕಾಶವಿರಬೇಕು. ತನ್ನನ್ನು ಯಾರೂ ಪ್ರಶ್ನಿಸಬಾರದು ಎನ್ನುವ ಬೋಧಕನಿಗೆ ತಲೆಬಾಗುವುದು ಪಕ್ವತೆಯಲ್ಲ. ದಾವೀದನು ಅರಸನಾಗಿದ್ದರೂ ನಾತಾನನ ಮಾತು ಕೇಳಿಸಿಕೊಂಡ.

9. ಜಾರಿದವರಿಗೆ ಎರಡನೆಯ ಅವಕಾಶ ಕೊಡಿ

ಪೆರ್ಗೆಯಲ್ಲಿ ಕೆಲಸ ಬಿಟ್ಟು ಊರಿಗೆ ಹೊರಟ ಮಾರ್ಕನನ್ನು ಮತ್ತೆ ಕರೆದುಕೊಂಡು ಹೋಗಲು ಪೌಲನು ಒಪ್ಪಲಿಲ್ಲ. ಬಾರ್ನಬನು ಬಿಡಲಿಲ್ಲ. ಜಗಳ ಜೋರಾಗಿ ಇಬ್ಬರೂ ಬೇರೆ ಬೇರೆ ದಾರಿ ಹಿಡಿದರು. ತಿಮೊಥೆಯನಿಗೆ ಬರೆದ ಎರಡನೆಯ ಪತ್ರಿಕೆಯ ಕೊನೆಯಲ್ಲಿ ಪೌಲನೇ ಮಾರ್ಕನನ್ನು ಕರೆದುಕೊಂಡು ಬಾ, ಅವನು ನನಗೆ ಉಪಯುಕ್ತ ಎನ್ನುತ್ತಾನೆ. ನಡುವಿನ ವರ್ಷಗಳಲ್ಲಿ ಮಾರ್ಕ ಬೆಳೆದ, ಪೌಲನೂ ಬೆಳೆದ. ನಮ್ಮ ಯೂತ್ ಮೀಟಿಂಗ್ ಬಿಟ್ಟು ಹೋದ ಹುಡುಗರ ಬಗ್ಗೆ ‘ಅವನ ಕಥೆ ಮುಗೀತು’ ಎನ್ನುವ ಮುಂಚೆ ಆ ವಚನವನ್ನು ನೆನೆಯಬೇಕು. ನಾವು ಎಷ್ಟು ಬೆಳೆದಿದ್ದೇವೆ ಎಂಬುದು ಇನ್ನೂ ಬೆಳೆಯದವರ ಜೊತೆ ನಮಗಿರುವ ತಾಳ್ಮೆಯಲ್ಲಿ ತಿಳಿಯುತ್ತದೆ.

10. ಸ್ಥಾನ ಹೋದ ಮೇಲೂ ಉಳಿಯುವುದೇ ಒಪ್ಪಿಸಿಕೊಟ್ಟದ್ದು

ವೆಸ್ಲಿ 1755ರಲ್ಲಿ ಲಂಡನ್ನಿನಲ್ಲಿ ಒಡಂಬಡಿಕೆಯ ಆರಾಧನೆ ನಡೆಸಿದರು. ಮುಂದೆ ಅದು ಹೊಸ ವರ್ಷದ ಆರಂಭದಲ್ಲಿ ನಡೆಯುವ ರೂಢಿಯಾಗಿ ಮೆಥೊಡಿಸ್ಟ್ ಸಭೆಗಳಲ್ಲಿ ಬೇರೂರಿತು. ದೇವರೇ, ನಾನು ನಿನ್ನವನು ಎಂದು ಸಭೆಯೆಲ್ಲ ಕೂಡಿ ಒಪ್ಪಿಕೊಳ್ಳುವುದು ಅದರ ತಿರುಳು. ವರ್ಷವರ್ಷವೂ ಯಾಕೆ ಎಂದರೆ, ಒಮ್ಮೆ ಒಪ್ಪಿಸಿದ್ದನ್ನು ನಾವು ಸ್ವಲ್ಪ ಸ್ವಲ್ಪವಾಗಿ ವಾಪಸು ತೆಗೆದುಕೊಳ್ಳುತ್ತಿರುತ್ತೇವೆ. ತಾನಿನ್ನೂ ಗುರಿ ಮುಟ್ಟಿಲ್ಲವೆಂದು ಪೌಲನೇ ಫಿಲಿಪ್ಪಿಯವರಿಗೆ ಬರೆದದ್ದು ಸೆರೆಯಲ್ಲಿ ಕೂತು.

ಒಡಂಬಡಿಕೆಯ ಆರಾಧನೆಯ ಪ್ರಾರ್ಥನೆಯಲ್ಲಿ ಹೇಳಲು ಕಷ್ಟವಾದ ಭಾಗವೊಂದಿದೆ: ಕೆಲಸಕ್ಕೆ ಹಚ್ಚಿದರೂ ಸರಿ, ಬದಿಗಿಟ್ಟರೂ ಸರಿ ಎಂಬ ಅರ್ಥದ್ದು. ಕೆಲಸಕ್ಕೆ ಹಚ್ಚು ಎನ್ನಲು ಎಲ್ಲರೂ ತಯಾರು. ಬದಿಗಿಡುವ ಕಾಲ ಬಂದಾಗ ಹಿಂದಿನ ಸೇವೆ ದೇವರಿಗಾಗಿತ್ತೋ ಹೆಸರಿಗಾಗಿತ್ತೋ ಗೊತ್ತಾಗುತ್ತದೆ. ಖಜಾಂಚಿಗಿರಿ ಹೋದ ಮೇಲೆ ಸಭೆಯನ್ನೇ ಬದಲಿಸಿದವರನ್ನು ಕಂಡಿದ್ದೇನೆ. ಕೀಬೋರ್ಡು, ಡ್ರಮ್ಮು ಬಂದು ಕ್ವಾಯರ್ ಯುವಕರ ಕೈಗೆ ಹೋದ ಮೇಲೆ ತಮ್ಮ ಹಾರ್ಮೋನಿಯಂ ಮುಚ್ಚಿಟ್ಟು, ಹಿಂದಿನ ಬೆಂಚಿನಲ್ಲಿ ಕೂತು, ಗೊತ್ತಿಲ್ಲದ ಹೊಸ ರಾಗವನ್ನು ಮೊಮ್ಮಕ್ಕಳ ವಯಸ್ಸಿನವರಿಂದ ಕಲಿತು ಹಾಡುವ ಹಿರಿಯರನ್ನೂ ಕಂಡಿದ್ದೇನೆ. ‘ಯಾಕೆ ಸಾರ್, ನಿಮ್ಮನ್ನು ಕೇಳದೆ ಹೀಗೆ ಮಾಡಿದರಲ್ಲ’ ಎಂದು ಒಬ್ಬರು ಕೆದಕಿದಾಗ ಅವರು, ‘ಹಾಡು ನನ್ನದಾಗಿತ್ತಾ?’ ಎಂದು ಕೇಳಿ ಸುಮ್ಮನಾದರು.

ಈ ಪಾಠಗಳಲ್ಲಿ ಯಾವುದರಿಂದ ಶುರುಮಾಡಲಿ ಎಂದು ಯಾರಾದರೂ ಕೇಳಿದರೆ ಐದನೆಯದು ಅನ್ನುತ್ತೇನೆ. ಇಂದು ರಾತ್ರಿ ಊಟಕ್ಕೆ ಕೂತಾಗ ಮನೆಯವರನ್ನು ಆ ಪ್ರಶ್ನೆ ಕೇಳಿ. ಉತ್ತರ ಬಂದಾಗ ಸಮರ್ಥನೆ ಕೊಡಬೇಡಿ. ಉಳಿದ ಒಂಬತ್ತರಲ್ಲಿ ನಿಮ್ಮದು ಯಾವುದೆಂದು ಅವರೇ ಹೇಳುತ್ತಾರೆ.